ಗಸ್ತಿನಿಂದಲೇ ಅಪರಾಧ ಇಳಿಯಿತೇ? ಬೀದಿಯಲ್ಲೇ ಪರೀಕ್ಷಿಸಿ ನೋಡುವ ಬಗೆ

ನೂರು ದಾಳಗಳನ್ನು ಒಮ್ಮೆ ಉರುಳಿಸಿ. ಆರು ಬಿದ್ದವನ್ನಷ್ಟೇ ಆರಿಸಿ ಪಕ್ಕಕ್ಕಿಡಿ. ಹದಿನೇಳರ ಆಸುಪಾಸು ಸಿಗುತ್ತವೆ. ಅವುಗಳನ್ನೇ ಇನ್ನೊಮ್ಮೆ ಉರುಳಿಸಿದರೆ ಸರಾಸರಿ ಮೂರೂವರೆಯ ಸುತ್ತಮುತ್ತ ಬಂದು ನಿಲ್ಲುತ್ತದೆ. ಆರರಿಂದ ಮೂರೂವರೆಗೆ ಇಳಿಯಿತು ಅಂದರೆ ಶೇ. 42ರಷ್ಟು ಇಳಿಕೆ. ಯಾರೂ ಏನೂ ಮಾಡದೆ ಸಿಕ್ಕಿದ ಇಳಿಕೆ ಇದು.

ಎಷ್ಟೋ ಕಡೆ ಹೊಸ ಗಸ್ತು ಯೋಜನೆಯ ಫಲಿತಾಂಶ ಲೆಕ್ಕ ಹಾಕುವುದು ಹೀಗೆಯೇ. ಕಳೆದ ಮೂರು ತಿಂಗಳಲ್ಲಿ ಅತಿ ಹೆಚ್ಚು ಘಟನೆ ನಡೆದ ಇಪ್ಪತ್ತು ಬೀದಿಗಳನ್ನು ಆರಿಸುತ್ತಾರೆ, ಅಲ್ಲಿಗೆ ಹೆಚ್ಚು ಸಿಬ್ಬಂದಿ ಹಾಕುತ್ತಾರೆ, ಮುಂದಿನ ಮೂರು ತಿಂಗಳ ಸಂಖ್ಯೆ ತೆಗೆದು ಇಳಿಕೆ ತೋರಿಸುತ್ತಾರೆ. ಆ ಇಳಿಕೆಯಲ್ಲಿ ಗಸ್ತಿನ ಪಾಲೆಷ್ಟು, ದಾಳದ ಪಾಲೆಷ್ಟು ಎಂದು ಬಿಡಿಸಿ ಹೇಳಲು ಅವರ ಬಳಿ ಏನೂ ಇರುವುದಿಲ್ಲ. ಕೆಲಸಕ್ಕೆ ಬಾರದ ಯೋಜನೆ ವರ್ಷಗಟ್ಟಲೆ ಮುಂದುವರಿಯುತ್ತದೆ, ಕೆಲಸ ಮಾಡುತ್ತಿದ್ದದ್ದು ಯಾವುದೋ ಒಂದು ಕೆಟ್ಟ ತಿಂಗಳ ಅಂಕಿ ನೋಡಿ ನಿಂತುಹೋಗುತ್ತದೆ. ಎರಡರಲ್ಲೂ ಪೆಟ್ಟು ಬೀಳುವುದು ಆ ಬೀದಿಯ ಜನರಿಗೆ.

ಇದನ್ನು ತಪ್ಪಿಸಲು ದೊಡ್ಡ ಸಂಶೋಧನಾ ಸಂಸ್ಥೆಯೇ ಬೇಕೆಂದಿಲ್ಲ. ಎರಡು ವರ್ಷದ ದೂರು ದಾಖಲೆ, ಒಂದು ಸ್ಪ್ರೆಡ್‌ಶೀಟ್, ನಕ್ಷೆಯ ತಂತ್ರಾಂಶ, ಗಸ್ತಿನವರ ಕೈಯಲ್ಲಿ ಜಿಪಿಎಸ್ ಇರುವ ಸಾಧನ, ಮತ್ತು ಯಾವ ಬೀದಿಗೆ ಹೆಚ್ಚುವರಿ ಗಸ್ತು ಎಂದು ಚೀಟಿ ಎತ್ತಿದ ಮೇಲೆ ಅದನ್ನು ಬದಲಾಯಿಸುವುದಿಲ್ಲ ಎಂಬ ಮೇಲಧಿಕಾರಿಯ ಸಹಿ ಸಾಕು. ಇವುಗಳಲ್ಲಿ ಸಹಿಯೇ ಎಲ್ಲಕ್ಕಿಂತ ಕಷ್ಟದ್ದು, ಮೊದಲು ಪಡೆಯಬೇಕಾದದ್ದೂ ಅದೇ.

ಈವರೆಗೆ ಗೊತ್ತಿರುವುದು

1972ರ ಅಕ್ಟೋಬರ್‌ನಿಂದ ಒಂದು ವರ್ಷ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 15 ಬೀಟ್‌ಗಳನ್ನು (ಗಸ್ತು ವಲಯಗಳನ್ನು) ಐದೈದರಂತೆ ಮೂರು ಗುಂಪು ಮಾಡಿದರು. ಒಂದರಲ್ಲಿ ಮಾಮೂಲಿ ಗಸ್ತು ನಿಲ್ಲಿಸಿ ಕರೆ ಬಂದಾಗ ಮಾತ್ರ ಹೋದರು. ಇನ್ನೊಂದರಲ್ಲಿ ಗಸ್ತನ್ನು ಎರಡು ಮೂರು ಪಟ್ಟು ಮಾಡಿದರು. ಮೂರನೆಯದನ್ನು ಇದ್ದ ಹಾಗೇ ಬಿಟ್ಟರು. ಅಪರಾಧದಲ್ಲಾಗಲಿ ಜನರ ಭಯದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗಸ್ತಿನಿಂದ ಪ್ರಯೋಜನವೇ ಇಲ್ಲ ಎಂದು ಹಲವರು ಅಂದುಕೊಂಡರು. ಆದರೆ ಅಲ್ಲಿ ಪರೀಕ್ಷೆಗೆ ಒಳಗಾದದ್ದು ಇಡೀ ಬೀಟಿನ ಮೇಲೆ ತೆಳ್ಳಗೆ ಹರಡಿದ ಗಸ್ತು.

ಅಮೆರಿಕದ್ದೇ ಮಿನಿಯಾಪೊಲಿಸ್‌ನಲ್ಲಿ ಒಂದು ವರ್ಷದ 3.2 ಲಕ್ಷಕ್ಕೂ ಹೆಚ್ಚು ಕರೆಗಳನ್ನು ಜಾಗವಾರು ಜೋಡಿಸಿ ನೋಡಿದಾಗ ವಿಷಯ ಬೇರೆಯೇ ಆಯಿತು. ಅಪರಾಧಶಾಸ್ತ್ರಜ್ಞ ಲಾರೆನ್ಸ್ ಶೆರ್ಮನ್ ಮತ್ತು ಸಂಗಡಿಗರು 1989ರಲ್ಲಿ ತೋರಿಸಿದಂತೆ ಶೇ. 3ರಷ್ಟು ಜಾಗಗಳಿಂದಲೇ ಅರ್ಧದಷ್ಟು ಕರೆ ಬಂದಿದ್ದವು. ಅಲ್ಲೇ 110 ಹಾಟ್‌ಸ್ಪಾಟ್‌ಗಳಲ್ಲಿ, ಅಂದರೆ ಘಟನೆಗಳು ಮತ್ತೆ ಮತ್ತೆ ನಡೆಯುವ ಜಾಗಗಳಲ್ಲಿ, ಚೀಟಿ ಎತ್ತಿ, 55ಕ್ಕೆ ಹೆಚ್ಚುವರಿ ಗಸ್ತು ಕೊಟ್ಟು 55ನ್ನು ಇದ್ದಂತೆ ಬಿಟ್ಟಾಗ ಅಪರಾಧದ ಕರೆಗಳು ಶೇ. 6ರಿಂದ 13ರಷ್ಟು ಕಡಿಮೆಯಾದವು. 2019ರ ಹೊತ್ತಿಗೆ ಇಂಥ 65 ಅಧ್ಯಯನಗಳ 78 ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದ ಸಮೀಕ್ಷೆಯಲ್ಲಿ 62ರಲ್ಲಿ ಗಮನಾರ್ಹ ಇಳಿಕೆ ಇತ್ತು. ಅಂದರೆ 16ರಲ್ಲಿ ಇರಲಿಲ್ಲ. ನಿಮ್ಮದು ಯಾವ ಗುಂಪಿಗೆ ಸೇರುತ್ತದೆ ಎಂಬುದನ್ನು ನೀವೇ ಪರೀಕ್ಷಿಸಿ ತಿಳಿಯಬೇಕು.

ಏನನ್ನು ಎಣಿಸುವುದು

ಬಂಧನಗಳನ್ನು ಎಣಿಸಬೇಡಿ. ಸಿಬ್ಬಂದಿ ಹೆಚ್ಚಾದ ಕಡೆ ಬಂಧನ ಹೆಚ್ಚುವುದು ಸಹಜ, ಅದು ಪೊಲೀಸರ ಕೆಲಸದ ಅಳತೆಯೇ ಹೊರತು ಅಪರಾಧದ ಅಳತೆಯಲ್ಲ. ಜನ ಕೊಟ್ಟ ದೂರು ಅಥವಾ ಜನ ಮಾಡಿದ ಕರೆ, ಇವೆರಡರಲ್ಲಿ ಒಂದನ್ನು ಮುಖ್ಯ ಅಳತೆಯಾಗಿ ಮೊದಲೇ ಬರೆದಿಡಿ, ಇನ್ನೊಂದು ತಾಳೆ ನೋಡಲು ಇರಲಿ. ಗಸ್ತಿನಲ್ಲಿರುವವರು ತಾವೇ ಕಂಡು ವೈರ್‌ಲೆಸ್‌ನಲ್ಲಿ ದಾಖಲಿಸಿದ ಘಟನೆಗಳನ್ನು ಎರಡರಿಂದಲೂ ತೆಗೆಯಬೇಕು. ಇಲ್ಲದಿದ್ದರೆ ಗಸ್ತು ಹೆಚ್ಚಿದಷ್ಟೂ ಅಪರಾಧ ಹೆಚ್ಚಿದಂತೆ ಕಾಣುತ್ತದೆ.

ಅಪರಾಧದ ಬಗೆಯನ್ನೂ ನಿಶ್ಚಯಿಸಿಕೊಳ್ಳಿ. ಬೀದಿಯಲ್ಲಿ ಸಮವಸ್ತ್ರ ಕಂಡರೆ ತಡೆಯಬಹುದಾದಂಥವು ಕೆಲವೇ: ದರೋಡೆ, ವಾಹನ ಕಳವು, ಬೀದಿ ಹೊಡೆದಾಟ, ಕಿಸೆಗಳ್ಳತನ, ಒಂದು ಮಟ್ಟಿಗೆ ಮನೆಗಳವು. ಮನೆಯೊಳಗಿನ ಹಿಂಸೆ, ಫೋನಿನ ಮೂಲಕ ನಡೆಯುವ ವಂಚನೆ ಇವನ್ನು ಗಸ್ತಿನ ಖಾತೆಗೆ ಹಾಕಿದರೆ ಗಸ್ತು ಮುಟ್ಟಲಾರದ ಸಂಖ್ಯೆಗಳೆಲ್ಲ ಸೇರಿ ನಿಜವಾದ ಬದಲಾವಣೆಯನ್ನು ಮುಚ್ಚಿಬಿಡುತ್ತವೆ.

ದಾಖಲೆ ಹಸನು ಮಾಡುವುದು

ಪರೀಕ್ಷೆಗೆ ಇಡುವ ಸಮಯದಲ್ಲಿ ಮೂರನೇ ಒಂದು ಪಾಲು ಇಲ್ಲಿಗೇ ಹೋಗುತ್ತದೆ, ಹೋಗಲಿ. ಇಲ್ಲಿ ಉಳಿಸಿದ ಒಂದು ವಾರ ಮುಂದೆ ಮೂರು ತಿಂಗಳನ್ನು ನುಂಗುತ್ತದೆ.

ಮೊದಲ ಕೆಲಸ, ಎಲ್ಲ ಸಾಲುಗಳನ್ನು ಅಕ್ಷಾಂಶ-ರೇಖಾಂಶದ ಪ್ರಕಾರ ಗುಂಪು ಮಾಡಿ, ಅತಿ ಹೆಚ್ಚು ಸಾಲುಗಳಿರುವ ಮೊದಲ 25 ಬಿಂದುಗಳನ್ನು ಒಂದೊಂದಾಗಿ ನಕ್ಷೆಯಲ್ಲಿ ತೆರೆದು ನೋಡುವುದು. ಆರು ದಶಮಾಂಶ ಸ್ಥಾನದವರೆಗೂ ಒಂದೇ ಆಗಿರುವ ಬಿಂದುವಿನಲ್ಲಿ ನೂರಾರು ಘಟನೆಗಳಿದ್ದರೆ ಅದು ಬೀದಿಯ ಹಾಟ್‌ಸ್ಪಾಟ್ ಆಗಿರುವ ಸಂಭವ ಕಡಿಮೆ. ವಿಳಾಸ ಸರಿಯಾಗಿ ಸಿಗದಾಗ ಬರೆದುಕೊಳ್ಳುವವರು ಠಾಣೆಯ ವಿಳಾಸ ಹಾಕಿರುತ್ತಾರೆ. ಗಾಯಾಳು ದೂರು ಕೊಟ್ಟದ್ದು ಆಸ್ಪತ್ರೆಯಲ್ಲಾದರೆ ಆಸ್ಪತ್ರೆಯೇ ಘಟನಾ ಸ್ಥಳವಾಗಿ ಕೂತಿರುತ್ತದೆ. ತಂತ್ರಾಂಶಕ್ಕೆ ವಿಳಾಸ ಅರ್ಥವಾಗದಿದ್ದರೆ ಬಡಾವಣೆಯ ನಡುಮಧ್ಯಕ್ಕೆ ಒಂದು ಚುಕ್ಕೆ ಇಟ್ಟುಬಿಡುತ್ತದೆ. ಇಂಥ ಒಂದು ಸುಳ್ಳು ಚುಕ್ಕೆ ಪಟ್ಟಿಗೆ ಸೇರಿದರೆ ಮೂರು ತಿಂಗಳು ಸಿಬ್ಬಂದಿ ಆಸ್ಪತ್ರೆಯ ಗೇಟಿನಲ್ಲಿ ನಿಂತು ಬರುತ್ತಾರೆ.

ಅಕ್ಷಾಂಶದಲ್ಲಿ ದಶಮಾಂಶ ಸ್ಥಾನ ಎಷ್ಟಿದೆ ಎಂದೂ ನೋಡಿ. ನಾಲ್ಕು ಸ್ಥಾನವಿದ್ದರೆ ಸುಮಾರು 11 ಮೀಟರ್ ನಿಖರತೆ, ಕೆಲಸಕ್ಕೆ ಸಾಕು. ಮೂರೇ ಇದ್ದರೆ 111 ಮೀಟರ್. ಪಕ್ಕದ ಬೀದಿಯ ಘಟನೆ ಈ ಬೀದಿಗೆ ಬಂದು ಕೂರುತ್ತದೆ. ಒಟ್ಟು ಘಟನೆಗಳಲ್ಲಿ ಕನಿಷ್ಠ ಶೇ. 85ರಷ್ಟಕ್ಕಾದರೂ ಸರಿಯಾದ ಜಾಗ ಸಿಗಬೇಕು ಎಂಬುದು ಅಪರಾಧಶಾಸ್ತ್ರಜ್ಞ ಜೆರಿ ರಾಟ್‌ಕ್ಲಿಫ್ 2004ರಲ್ಲಿ ಲೆಕ್ಕ ಹಾಕಿ ಕೊಟ್ಟ ಮಿತಿ. ಅದಕ್ಕಿಂತ ಕಡಿಮೆ ಇದ್ದರೆ ಪರೀಕ್ಷೆ ಮುಂದೂಡಿ, ವಿಳಾಸ ಬರೆದುಕೊಳ್ಳುವ ಪದ್ಧತಿಯನ್ನು ಮೊದಲು ಸರಿಮಾಡಿ.

ಒಂದೇ ಹೊಡೆದಾಟಕ್ಕೆ ಐದು ಜನ ಫೋನ್ ಮಾಡಿರುತ್ತಾರೆ. 30 ನಿಮಿಷದೊಳಗೆ, 100 ಮೀಟರ್ ಒಳಗೆ, ಒಂದೇ ಬಗೆಯ ಕರೆಗಳಿದ್ದರೆ ಒಂದೇ ಘಟನೆ ಎಂದು ಹಿಡಿಯಿರಿ. ಈ ನಿಯಮವನ್ನು ಎರಡೂ ಗುಂಪಿಗೆ, ಎರಡೂ ಅವಧಿಗೆ ಒಂದೇ ರೀತಿ ಅನ್ವಯಿಸುವುದು ಮುಖ್ಯ. 30 ನಿಮಿಷವೋ 20 ನಿಮಿಷವೋ ಎಂಬುದು ಅಷ್ಟು ಮುಖ್ಯವಲ್ಲ.

ಸಮಯದ ವಿಷಯದಲ್ಲಿ ಎಡವುವವರೇ ಹೆಚ್ಚು. ದೂರು ದಾಖಲಾದ ಹೊತ್ತು ಬೇರೆ, ಘಟನೆ ನಡೆದ ಹೊತ್ತು ಬೇರೆ. ಮನೆಯವರು ಬೆಳಿಗ್ಗೆ 8ಕ್ಕೆ ಹೊರಟು ಸಂಜೆ 6ಕ್ಕೆ ಬಂದು ಬೀಗ ಒಡೆದದ್ದನ್ನು ನೋಡಿದರೆ, ಕಳವು ಆ ಹತ್ತು ತಾಸಿನಲ್ಲಿ ಯಾವಾಗಲಾದರೂ ಆಗಿರಬಹುದು. ಅದನ್ನು ಸಂಜೆ 6ರ ಲೆಕ್ಕಕ್ಕೆ ಹಾಕಿದರೆ ಸಂಜೆಯ ಗಸ್ತು ಹೆಚ್ಚುತ್ತದೆ, ಕಳ್ಳ ಮಾತ್ರ ಮಧ್ಯಾಹ್ನ ಬಂದು ಹೋಗಿರುತ್ತಾನೆ. ಇಂಥ ಘಟನೆಯನ್ನು ಹತ್ತು ಪಾಲು ಮಾಡಿ ಪ್ರತಿ ತಾಸಿಗೆ 0.1ರಂತೆ ಹಂಚಿ. ನೂರಾರು ಘಟನೆಗಳನ್ನು ಹೀಗೆ ಹಂಚಿದ ಮೇಲೆ ದಿನದ ಯಾವ ಹೊತ್ತು ನಿಜವಾಗಿ ಬಿಸಿಯಾಗಿದೆ ಎಂಬುದು ತಾನಾಗಿ ಮೇಲೆ ಬರುತ್ತದೆ.

ಬೀದಿ ಆರಿಸುವುದು, ಎಷ್ಟು ಬೇಕೆಂದು ಲೆಕ್ಕ ಹಾಕುವುದು

ಒಂದು ಅಡ್ಡರಸ್ತೆಯಿಂದ ಮುಂದಿನ ಅಡ್ಡರಸ್ತೆಯವರೆಗಿನ ಬೀದಿಯ ತುಂಡು, ಎರಡೂ ಬದಿ ಸೇರಿ, ಒಂದು ಘಟಕ. ಕೆಂಪು-ಹಳದಿ ಬಣ್ಣದ ಶಾಖದ ನಕ್ಷೆಗಳಿಂದ ಆರಿಸಬೇಡಿ. ತಂತ್ರಾಂಶದಲ್ಲಿ ಹರಡಿಕೆಯ ಅಳತೆಯನ್ನು 200 ಮೀಟರ್‌ನಿಂದ 400ಕ್ಕೆ ಬದಲಿಸಿದರೆ ಕೆಂಪು ಮಚ್ಚೆ ಬೇರೆಯೇ ಆಕಾರ ತಳೆಯುತ್ತದೆ, ಅದರೊಳಗೆ ಒಂದೂ ಘಟನೆ ನಡೆಯದ ಬೀದಿಗಳೂ ಸೇರಿಕೊಳ್ಳುತ್ತವೆ. ಬೀದಿಯ ತುಂಡಾದರೆ ಗಸ್ತಿಗೆ ಹೋಗುವವರಿಗೂ ಗಡಿ ಕಣ್ಣಿಗೆ ಕಾಣುತ್ತದೆ.

ದಾಳದ ಆಟದಿಂದ ಪಾರಾಗಲು ಮೊದಲ ಮೆಟ್ಟಿಲು: ಎರಡು ವರ್ಷದ ದಾಖಲೆ ತೆಗೆದು, ಎರಡೂ ವರ್ಷ ಮೇಲಿನ ಸಾಲಿನಲ್ಲಿದ್ದ ಬೀದಿಗಳನ್ನಷ್ಟೇ ಪಟ್ಟಿಗೆ ಹಾಕಿ. ಯಾವುದೇ ಎರಡು ಬೀದಿಗಳ ನಡುವೆ ಕನಿಷ್ಠ ಒಂದು ಬ್ಲಾಕ್, ಸಾಧ್ಯವಾದರೆ 200 ಮೀಟರ್ ಅಂತರವಿರಲಿ. ಅಂಟಿಕೊಂಡಿರುವ ಎರಡು ಬೀದಿಗಳಲ್ಲಿ ಒಂದಕ್ಕೆ ಗಸ್ತು, ಒಂದಕ್ಕೆ ಇಲ್ಲ ಎಂದಾದರೆ ಗಸ್ತಿನ ನೆರಳು ಎರಡರ ಮೇಲೂ ಬೀಳುತ್ತದೆ.

ಇನ್ನು ಸಂಖ್ಯೆ. ಶೇ. 20ರಷ್ಟು ಇಳಿಕೆಯಾದರೆ ಅದನ್ನು ಹತ್ತರಲ್ಲಿ ಎಂಟು ಸಲ ಹಿಡಿಯುವಂತಿರಬೇಕು ಎಂದುಕೊಂಡರೆ, ಗಸ್ತಿಲ್ಲದ ಹೋಲಿಕೆ ಗುಂಪಿನಲ್ಲಿ ಪರೀಕ್ಷೆಯ ಅವಧಿಯಲ್ಲಿ ಕನಿಷ್ಠ 350 ಘಟನೆಗಳು ಬೇಕು. ಶೇ. 10ರ ಇಳಿಕೆ ಹಿಡಿಯಬೇಕಾದರೆ 1,500ರ ಹತ್ತಿರ. ಗುರಿ ಅರ್ಧ ಸಣ್ಣದಾದರೆ ಬೇಕಾಗುವ ಘಟನೆಗಳು ನಾಲ್ಕು ಪಟ್ಟಿಗೂ ಹೆಚ್ಚು. ಒಂದು ಬೀದಿಯಲ್ಲಿ ಮೂರು ತಿಂಗಳಿಗೆ ಸರಾಸರಿ 6 ಘಟನೆ ನಡೆಯುತ್ತಿದ್ದರೆ 350ಕ್ಕೆ ಸುಮಾರು 60 ಹೋಲಿಕೆ ಬೀದಿ, ಜೊತೆಗೆ ಅಷ್ಟೇ ಗಸ್ತು ಬೀದಿ. ಘಟನೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ನಡೆಯುತ್ತವೆ ಎಂಬ ಊಹೆಯ ಮೇಲೆ ಬಂದ ಲೆಕ್ಕವಿದು. ನಿಜದಲ್ಲಿ ಬೀದಿಯಿಂದ ಬೀದಿಗೆ ಏರಿಳಿತ ಹೆಚ್ಚಿರುತ್ತದೆ, ಹಾಗಾಗಿ ಒಂದೂವರೆ ಪಟ್ಟು ಇಟ್ಟುಕೊಂಡರೆ ಕ್ಷೇಮ.

ಈಗ ಸಿಬ್ಬಂದಿಯ ಲೆಕ್ಕ. 60 ಬೀದಿ, ದಿನಕ್ಕೆ ಮೂರು ಭೇಟಿ, ಭೇಟಿಗೆ 15 ನಿಮಿಷ, ಬೀದಿಯಿಂದ ಬೀದಿಗೆ ಹೋಗಲು 7 ನಿಮಿಷ: 180 ಭೇಟಿ, ಒಟ್ಟು 66 ತಾಸು. ಒಂದು ತಂಡ ಎಂಟು ತಾಸಿನ ಪಾಳಿಯಲ್ಲಿ ನಾಲ್ಕು ತಾಸನ್ನು ಕರೆಗಳಿಗೆ ಓಡಾಡುವುದರಲ್ಲೇ ಕಳೆಯುತ್ತದೆ, ಉಳಿಯುವುದು ನಾಲ್ಕೇ. ಅಂದರೆ ಹದಿನಾರು ಹದಿನೇಳು ತಂಡ ಬೇಕು. ಇರುವುದು ಎಂಟೇ ತಂಡವಾದರೆ ಭೇಟಿಗಳನ್ನು ಅರ್ಧಕ್ಕಿಳಿಸುವ ಬದಲು 30 ಬೀದಿಗಳನ್ನು ಇಟ್ಟುಕೊಂಡು ಆರು ತಿಂಗಳು ನಡೆಸಿ; ಘಟನೆಗಳ ಸಂಖ್ಯೆ ಅಷ್ಟೇ ಸಿಗುತ್ತದೆ, ಭೇಟಿಗಳೂ ತೆಳುವಾಗುವುದಿಲ್ಲ.

ಚೀಟಿ ಎತ್ತುವುದು

ಬೀದಿಗಳನ್ನು ಎರಡು ವರ್ಷದ ಒಟ್ಟು ಘಟನೆಗಳ ಪ್ರಕಾರ ಇಳಿಕೆಯ ಕ್ರಮದಲ್ಲಿ ಬರೆಯಿರಿ. ಒಂದನೆಯದು ಮತ್ತು ಎರಡನೆಯದು ಒಂದು ಜೋಡಿ, ಮೂರು ಮತ್ತು ನಾಲ್ಕು ಒಂದು ಜೋಡಿ, ಹೀಗೆ ಕೊನೆಯವರೆಗೆ. ವ್ಯಾಪಾರದ ಬೀದಿಗೆ ವ್ಯಾಪಾರದ ಬೀದಿ, ವಸತಿ ಬೀದಿಗೆ ವಸತಿ ಬೀದಿ ಜೊತೆಯಾದರೆ ಇನ್ನೂ ಒಳ್ಳೆಯದು. ಆಮೇಲೆ ಪ್ರತಿ ಜೋಡಿಗೂ ನಾಣ್ಯ ಚಿಮ್ಮಿ: ಒಂದಕ್ಕೆ ಗಸ್ತು, ಒಂದು ಹೋಲಿಕೆ. ಕಂಪ್ಯೂಟರಿನಲ್ಲಿ ಮಾಡುವುದಾದರೆ ಯಾದೃಚ್ಛಿಕ ಸಂಖ್ಯೆಯ ಆರಂಭಿಕ ಬೀಜಸಂಖ್ಯೆಯನ್ನು ಮೊದಲೇ ಕಾಗದದ ಮೇಲೆ ಬರೆದು ಸಹಿ ಹಾಕಿ, ಒಮ್ಮೆ ಮಾತ್ರ ಓಡಿಸಿ. "ಈ ಸಲ ಸರಿ ಬರಲಿಲ್ಲ" ಎಂದು ಮತ್ತೆ ಓಡಿಸಿದ ಕ್ಷಣವೇ ಅದು ಚೀಟಿಯಾಗಿ ಉಳಿಯುವುದಿಲ್ಲ.

ಚೀಟಿ ಎತ್ತುವವರು ಗಸ್ತಿನ ಮೇಲ್ವಿಚಾರಣೆಯವರಾಗಿರಬಾರದು. ಮಿನಿಯಾಪೊಲಿಸ್‌ನಲ್ಲಿಯೇ 1981-82ರಲ್ಲಿ ಮನೆಯೊಳಗಿನ ಹಲ್ಲೆ ಪ್ರಕರಣಗಳ ಮೇಲೆ ಒಂದು ಪ್ರಸಿದ್ಧ ಪ್ರಯೋಗ ನಡೆಯಿತು. ಬಂಧಿಸುವುದೋ, ಬುದ್ಧಿ ಹೇಳುವುದೋ, ಒಬ್ಬರನ್ನು ಕೆಲಹೊತ್ತು ಮನೆಯಿಂದ ಹೊರಗೆ ಕಳಿಸುವುದೋ ಎಂಬುದನ್ನು ಅಧಿಕಾರಿಯ ಕೈಯಲ್ಲಿದ್ದ ವರದಿ ಪುಸ್ತಕದ ಮುಂದಿನ ಹಾಳೆಯ ಬಣ್ಣ ನಿರ್ಧರಿಸಬೇಕಿತ್ತು. ಆದರೆ ಬಾಗಿಲು ತಟ್ಟುವ ಮೊದಲೇ ಮುಂದಿನ ಹಾಳೆಯ ಬಣ್ಣ ಅಧಿಕಾರಿಗೆ ಕಾಣುತ್ತಿತ್ತು. ಆ ಬಣ್ಣಕ್ಕೆ ಹೊಂದದ ಪ್ರಕರಣ ಎನಿಸಿದರೆ ಅದನ್ನು ಪ್ರಯೋಗದಿಂದ ಬಿಟ್ಟುಬಿಡುವ ದಾರಿ ತೆರೆದೇ ಇತ್ತು. 314 ಪ್ರಕರಣಗಳಿಂದ ಬಂದ ತೀರ್ಮಾನ ದೇಶದ ಪೊಲೀಸ್ ನೀತಿಯನ್ನೇ ಬದಲಿಸಿತು. ಮುಂದೆ ಬೇರೆ ನಗರಗಳಲ್ಲಿ ಅದನ್ನೇ ಮತ್ತೆ ಮಾಡಿದಾಗ ಫಲಿತಾಂಶ ಒಂದೊಂದು ಕಡೆ ಒಂದೊಂದು ರೀತಿ ಬಂತು. ಮುಂದಿನ ಚೀಟಿ ಯಾವುದೆಂದು ಅದನ್ನು ಪಾಲಿಸಬೇಕಾದವರಿಗೆ ಗೊತ್ತಾಗದ ಹಾಗೆ ಏರ್ಪಾಡು ಇರಲೇಬೇಕು. ಬೀದಿಗಳ ಪರೀಕ್ಷೆಯಲ್ಲಿ ಇದು ಸುಲಭ: ಪಟ್ಟಿಯನ್ನು ಮುಚ್ಚಿ ಸಹಿ ಹಾಕಿದ ಮೇಲೆಯೇ ಚೀಟಿ, ಚೀಟಿ ಎತ್ತಿದ ಮೇಲೆ ಪಟ್ಟಿಗೆ ಯಾವ ಬೀದಿಯೂ ಸೇರುವುದಿಲ್ಲ, ಯಾವುದೂ ಹೊರಹೋಗುವುದಿಲ್ಲ.

ಹೋಲಿಕೆ ಬೀದಿಗಳನ್ನು ಕೈಬಿಟ್ಟಂತಾಗುವುದಿಲ್ಲವೇ ಎಂಬ ಪ್ರಶ್ನೆ ಬಂದೇ ಬರುತ್ತದೆ, ಬರಬೇಕಾದದ್ದೇ. ಅಲ್ಲಿ ಮಾಮೂಲಿ ಗಸ್ತು ಮುಂದುವರಿಯುತ್ತದೆ, ಕರೆ ಬಂದರೆ ಮೊದಲಿನಷ್ಟೇ ಬೇಗ ಹೋಗುತ್ತಾರೆ. ಹೆಚ್ಚುವರಿ ಸಿಬ್ಬಂದಿ ಎಲ್ಲ ಬೀದಿಗೂ ಸಾಲದಿರುವಾಗ ಯಾರಿಗೆ ಮೊದಲು ಎಂಬುದನ್ನು ಶಿಫಾರಸ್ಸಿನ ಬದಲು ಚೀಟಿ ತೀರ್ಮಾನಿಸುತ್ತದೆ, ಅಷ್ಟೇ.

ಗಸ್ತಿನ ಪ್ರಮಾಣ: ಹೇಳಿದ್ದೆಷ್ಟು, ಆದದ್ದೆಷ್ಟು

ಸಂಶೋಧಕ ಕ್ರಿಸ್ಟಫರ್ ಕೋಪರ್ 1995ರಲ್ಲಿ ಮಿನಿಯಾಪೊಲಿಸ್‌ನ ದಾಖಲೆಗಳಿಂದ ಕಂಡುಕೊಂಡಂತೆ, ಪೊಲೀಸರು ಕನಿಷ್ಠ 10 ನಿಮಿಷ ನಿಂತು ಹೋದರೆ ಅವರು ಹೋದ ಮೇಲೂ ಬೀದಿ ಕೆಲಹೊತ್ತು ಶಾಂತವಾಗಿರುತ್ತದೆ. ಈ ಪರಿಣಾಮ 14-15 ನಿಮಿಷದವರೆಗೆ ಏರಿ, ಆಮೇಲೆ ಇಳಿಮುಖವಾಗುತ್ತದೆ. ಹಾಗಾಗಿ ತಾಸುಗಟ್ಟಲೆ ಒಂದೇ ಕಡೆ ನಿಲ್ಲಿಸುವುದಕ್ಕಿಂತ 12ರಿಂದ 15 ನಿಮಿಷದ ಭೇಟಿ, ಹೊತ್ತು ಗೊತ್ತಿಲ್ಲದಂತೆ ಮತ್ತೆ ಮತ್ತೆ, ಇದು ವಾಸಿ. ಸ್ಯಾಕ್ರಮೆಂಟೊದಲ್ಲಿ 2011ರಲ್ಲಿ 42 ಹಾಟ್‌ಸ್ಪಾಟ್‌ಗಳಲ್ಲಿ 90 ದಿನ ಇದೇ ಕ್ರಮವನ್ನು ಪರೀಕ್ಷಿಸಿದರು, ಗಸ್ತು ಕೊಟ್ಟ ಕಡೆ ಕರೆಗಳೂ ಗಂಭೀರ ಅಪರಾಧಗಳೂ ಕಡಿಮೆಯಾದವು. ಪ್ರತಿ ಪಾಳಿಯ ಆರಂಭದಲ್ಲಿ ಕಂಪ್ಯೂಟರ್ ಕಲಸಿ ಕೊಟ್ಟ ಕ್ರಮದಲ್ಲಿ ಬೀದಿಗಳ ಪಟ್ಟಿ ಕೈಗೆ ಸಿಗಲಿ. ವಾಹನದಿಂದ ಇಳಿಯಬೇಕು, ನಡೆಯಬೇಕು, ಅಂಗಡಿಯವರನ್ನೂ ನಿಂತವರನ್ನೂ ಮಾತಾಡಿಸಬೇಕು. ಗಾಜು ಏರಿಸಿಕೊಂಡು ಎಂಜಿನ್ ಆನ್ ಇಟ್ಟು ಕೂತ ಹದಿನೈದು ನಿಮಿಷ ಭೇಟಿಯ ಲೆಕ್ಕಕ್ಕೆ ಬರಕೂಡದು ಎಂದು ಆದೇಶದಲ್ಲೇ ಬರೆಯಿರಿ.

ಭೇಟಿ ನಡೆಯಿತೋ ಇಲ್ಲವೋ ಎಂಬುದಕ್ಕೆ ಪುಸ್ತಕದ ಸಹಿ ಸಾಲದು, ಜಿಪಿಎಸ್ ಬೇಕು. 30 ಸೆಕೆಂಡಿಗೊಂದು ಬಿಂದು ದಾಖಲಾಗುವಂತೆ ಇಟ್ಟು, ಬೀದಿಯ ಸುತ್ತ 25 ಮೀಟರ್ ಅಂಚು ಬಿಟ್ಟು ಜಿಯೋಫೆನ್ಸ್ (ನಕ್ಷೆಯ ಮೇಲಿನ ಕಾಲ್ಪನಿಕ ಬೇಲಿ) ಎಳೆಯಿರಿ. ಎತ್ತರದ ಕಟ್ಟಡಗಳ ನಡುವೆ ಉಪಗ್ರಹದ ಸಂಕೇತ ಗೋಡೆಗೆ ಬಡಿದು ಬರುವುದರಿಂದ ಬಿಂದು ಪಕ್ಕದ ಬೀದಿಗೆ ಹಾರುತ್ತದೆ. ಪರೀಕ್ಷೆಗೆ ಮೊದಲು ಮೂರು ಬಗೆಯ ಬೀದಿಗಳಲ್ಲಿ ಒಬ್ಬರನ್ನು 20 ನಿಮಿಷ ಒಂದೇ ಜಾಗದಲ್ಲಿ ನಿಲ್ಲಿಸಿ ಬಿಂದುಗಳು ಎಷ್ಟು ಚೆದುರುತ್ತವೆ ನೋಡಿ, ಅಂಚನ್ನು ಅದಕ್ಕೆ ತಕ್ಕಂತೆ ಹೊಂದಿಸಿ. ಒಂದೆರಡು ಬಿಂದು ಹೊರಹಾರಿದರೆ ಭೇಟಿ ಮುಗಿಯಿತೆಂದು ಹಿಡಿಯಬೇಡಿ. ಹೊರಗಿನ ಅಂತರ 3 ನಿಮಿಷ ದಾಟಿದರೆ ಮಾತ್ರ ಮುಗಿಸಿ. 5 ನಿಮಿಷಕ್ಕಿಂತ ಕಡಿಮೆಯದನ್ನು "ಹಾದುಹೋದದ್ದು" ಎಂದು ಬೇರೆ ಕಾಲಮ್ಮಿನಲ್ಲಿ ಎಣಿಸಿ. ಹೋಲಿಕೆ ಬೀದಿಗಳಿಗೂ ಇದೇ ಫೆನ್ಸ್, ಇದೇ ಲೆಕ್ಕ ಇರಲೇಬೇಕು. ಹೆಚ್ಚಿನವರು ಮರೆಯುವುದು ಇದನ್ನೇ. ಕೊನೆಗೆ ನೋಡಿದರೆ ಎರಡೂ ಗುಂಪಿಗೆ ಹೆಚ್ಚುಕಡಿಮೆ ಅಷ್ಟೇ ಗಸ್ತು ಸಿಕ್ಕಿರುತ್ತದೆ, ವ್ಯತ್ಯಾಸವಿಲ್ಲದ ಎರಡನ್ನು ಹೋಲಿಸಿದಂತಾಗಿರುತ್ತದೆ.

ಪ್ರತಿ ಸೋಮವಾರ ನಿಮ್ಮ ಮೇಜಿಗೆ ಬರಬೇಕಾದದ್ದು ಭೇಟಿಗಳ ಪಟ್ಟಿ, ಅಪರಾಧದ ಪಟ್ಟಿಯಲ್ಲ. ಯಾವ ಬೀದಿಗೆ ಗುರಿಯ ಶೇ. 80ಕ್ಕಿಂತ ಕಡಿಮೆ ನಿಮಿಷ ಸಿಕ್ಕಿದೆಯೋ ಅದನ್ನು ಗುರುತು ಮಾಡಿ ಆ ವಾರವೇ ಸರಿಪಡಿಸಿ. ಅಪರಾಧದ ಸಂಖ್ಯೆಯನ್ನು ನಡುನಡುವೆ ಇಣುಕಿ ನೋಡಿದರೆ, ಚೆನ್ನಾಗಿ ಕಂಡ ವಾರ ನಿಲ್ಲಿಸುವ ಆಸೆ, ಕೆಟ್ಟದಾಗಿ ಕಂಡ ವಾರ ಬೀದಿ ಬದಲಿಸುವ ಒತ್ತಡ, ಎರಡೂ ಶುರುವಾಗುತ್ತವೆ. ಮಿನಿಯಾಪೊಲಿಸ್‌ನ ಹಾಟ್‌ಸ್ಪಾಟ್ ಪ್ರಯೋಗದಲ್ಲಿ ಬೇಸಿಗೆ ಬಂದಾಗ ಸಿಬ್ಬಂದಿ ರಜೆಗೆ ಹೋದರು, ಕರೆಗಳು ಏರಿದವು, ಎರಡು ಗುಂಪುಗಳ ನಡುವಿನ ಗಸ್ತಿನ ಅಂತರ ಕರಗಿಹೋಯಿತು. ಫಿಲಡೆಲ್ಫಿಯಾದಲ್ಲಿ 2009ರಲ್ಲಿ ಕಾಲ್ನಡಿಗೆ ಗಸ್ತು ನಡೆಸಿದಾಗ, ಬೇಸರವಾದ ಅಧಿಕಾರಿಗಳು ಗೊತ್ತುಪಡಿಸಿದ ಗಡಿ ದಾಟಿ ಅಡ್ಡಾಡಿದ್ದು ಆಮೇಲೆ ತಿಳಿಯಿತು. ರಜೆ, ಹಬ್ಬ, ಚುನಾವಣೆ, ದೊಡ್ಡ ಬಂದೋಬಸ್ತುಗಳ ದಿನಾಂಕಗಳನ್ನು ಮೊದಲೇ ಹಾಕಿಕೊಂಡು ಅವುಗಳ ನಡುವಿನ ಅವಧಿಯನ್ನು ಆರಿಸಿ.

ಲೆಕ್ಕ

ವಿಶ್ಲೇಷಣೆ ಮಾಡುವವರಿಗೆ ಗುಂಪುಗಳ ಹೆಸರು ಹೇಳಬೇಡಿ, ಕ ಮತ್ತು ಖ ಎಂದು ಕೊಡಿ. ಅವರು ಸೂತ್ರಗಳನ್ನೆಲ್ಲ ಬರೆದು ಮುಗಿಸಿದ ಮೇಲೆ ಯಾವುದು ಯಾವುದೆಂದು ತೆರೆಯಿರಿ.

40 ಜೋಡಿ ಬೀದಿಗಳ ಒಂದು ಉದಾಹರಣೆ ನೋಡೋಣ. ಗಸ್ತು ಬೀದಿಗಳಲ್ಲಿ ಮೊದಲ ಮೂರು ತಿಂಗಳು 240 ಘಟನೆ, ಪರೀಕ್ಷೆಯ ಮೂರು ತಿಂಗಳು 168. ನೋಡಿದ ಕೂಡಲೇ ಶೇ. 30 ಇಳಿಕೆ ಎಂದು ಬರೆಯಬಹುದು. ಹೋಲಿಕೆ ಬೀದಿಗಳಲ್ಲಿ ಅದೇ ಅವಧಿಗಳಲ್ಲಿ 236 ಇದ್ದದ್ದು 201ಕ್ಕೆ ಇಳಿದಿದೆ, ಏನೂ ಮಾಡದೆ ಶೇ. 15. ಹಾಗಾದರೆ ಗಸ್ತು ಇಲ್ಲದಿದ್ದರೂ ಮೊದಲ ಗುಂಪು 240ರಿಂದ ಸುಮಾರು 204ಕ್ಕೆ ಬರುತ್ತಿತ್ತು. ಗಸ್ತಿನ ಪಾಲು 204ಕ್ಕೂ 168ಕ್ಕೂ ಇರುವ ವ್ಯತ್ಯಾಸ: 36 ಘಟನೆ, ಶೇ. 18.

ಇಲ್ಲಿಗೆ ನಿಲ್ಲಿಸುವಂತಿಲ್ಲ. ನಾಲ್ಕೂ ಸಂಖ್ಯೆಗಳ ವ್ಯುತ್ಕ್ರಮಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 0.139 ಬರುತ್ತದೆ. 168/240 ಮತ್ತು 201/236 ಎಂಬ ಎರಡು ಅನುಪಾತಗಳ ಲಾಗರಿದಮ್ಮಿನ ವ್ಯತ್ಯಾಸ ಮೈನಸ್ 0.196. ಅದಕ್ಕೆ 0.139ರ 1.96 ಪಟ್ಟನ್ನು ಆಚೀಚೆ ಸೇರಿಸಿ ಹಿಂದಕ್ಕೆ ಪರಿವರ್ತಿಸಿದರೆ ಸಿಗುವ ಉತ್ತರ: ಶೇ. 37ರ ಇಳಿಕೆಯಿಂದ ಶೇ. 8ರ ಏರಿಕೆಯವರೆಗೆ ಯಾವುದೂ ಆಗಿರಬಹುದು. ಶೇ. 30 ಎಂದು ಪತ್ರಿಕಾ ಹೇಳಿಕೆ ಕೊಡಬಹುದಾಗಿದ್ದ ಪರೀಕ್ಷೆ ಇನ್ನೂ ಏನನ್ನೂ ಸಿದ್ಧಪಡಿಸಿಲ್ಲ. ಹಾಗೆಂದು ಗಸ್ತು ವ್ಯರ್ಥ ಎಂದೂ ಇದು ಹೇಳುವುದಿಲ್ಲ. ಇನ್ನಷ್ಟು ಬೀದಿ ಅಥವಾ ಇನ್ನಷ್ಟು ತಿಂಗಳು ಬೇಕು ಎನ್ನುತ್ತದೆ. ವರದಿಯಲ್ಲಿ ಈ ಮೂರೂ ಸಂಖ್ಯೆ ಇರಬೇಕು, ನಡುವಿನದೊಂದೇ ಅಲ್ಲ.

ಸೂತ್ರಗಳ ಮೇಲೆ ನಂಬಿಕೆ ಬರದವರಿಗೆ ಇನ್ನೊಂದು ದಾರಿಯಿದೆ, ನನ್ನ ಮಟ್ಟಿಗೆ ಇದೇ ಹೆಚ್ಚು ಪ್ರಾಮಾಣಿಕ. ಪ್ರತಿ ಜೋಡಿಯೊಳಗೆ ಕಂಪ್ಯೂಟರಿನಿಂದ ನಾಣ್ಯ ಚಿಮ್ಮಿಸಿ ಯಾವುದು ಗಸ್ತು, ಯಾವುದು ಹೋಲಿಕೆ ಎಂಬ ಹಣೆಪಟ್ಟಿಯನ್ನು ಅದಲುಬದಲು ಮಾಡಿ, ವ್ಯತ್ಯಾಸ ಲೆಕ್ಕ ಹಾಕಿ. ಹೀಗೆ 10,000 ಸಲ. ಸುಳ್ಳು ಹಣೆಪಟ್ಟಿಗಳಲ್ಲಿ 500ಕ್ಕಿಂತ ಹೆಚ್ಚು ಸಲ ನಿಮ್ಮ ನಿಜ ವ್ಯತ್ಯಾಸದಷ್ಟು ಅಥವಾ ಅದಕ್ಕಿಂತ ದೊಡ್ಡ ವ್ಯತ್ಯಾಸ ಯಾವ ದಿಕ್ಕಿನಲ್ಲೇ ಬಂದರೂ, ನೀವು ಕಂಡದ್ದು ಚೀಟಿಯ ಅದೃಷ್ಟವೂ ಆಗಿರಬಹುದು ಎಂದರ್ಥ. ಇದನ್ನು ಯಾವ ಠಾಣಾಧಿಕಾರಿಗೂ ಎರಡು ನಿಮಿಷದಲ್ಲಿ ವಿವರಿಸಬಹುದು.

ಪಕ್ಕದ ಬೀದಿಗೆ ಹೋಯಿತೇ?

ಪ್ರತಿ ಗಸ್ತು ಬೀದಿಯ ಸುತ್ತ ಒಂದೆರಡು ಬ್ಲಾಕಿನ ವಲಯವನ್ನು ಪರೀಕ್ಷೆ ಶುರುವಾಗುವ ಮೊದಲೇ ನಕ್ಷೆಯಲ್ಲಿ ಎಳೆದಿಡಿ, ಹೋಲಿಕೆ ಬೀದಿಗಳು ಅದರೊಳಗೆ ಬರದಂತೆ. ಮೇಲಿನ ಉದಾಹರಣೆಯಲ್ಲೇ, ಈ ವಲಯದಲ್ಲಿ 300 ಇದ್ದದ್ದು 270 ಆಯಿತೆನ್ನಿ. ಇಳಿಯಿತು ಎಂದು ಸಮಾಧಾನಪಡುವ ಮೊದಲು ಹೋಲಿಕೆಯಿಂದ ಭಾಗಿಸಿ: 300ನ್ನು 236ರಿಂದ, 270ನ್ನು 201ರಿಂದ. 1.27 ಇದ್ದದ್ದು 1.34 ಆಗಿದೆ, ಅಂದರೆ ಊರಿನ ಉಳಿದ ಕಡೆ ಇಳಿದಷ್ಟು ಇಲ್ಲಿ ಇಳಿದಿಲ್ಲ, 0.07 ಏರಿಕೆ. ಗಸ್ತು ಬೀದಿಗಳಲ್ಲಿ ಇದೇ ಲೆಕ್ಕ 1.02ರಿಂದ 0.84ಕ್ಕೆ, 0.18 ಇಳಿಕೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಮೈನಸ್ 0.4. ಉತ್ತರ ಸೊನ್ನೆಗಿಂತ ಮೇಲಿದ್ದರೆ ಸುತ್ತಲ ಬೀದಿಗಳಿಗೂ ಒಳಿತಾಗಿದೆ. ಸೊನ್ನೆಗೂ ಮೈನಸ್ 1ಕ್ಕೂ ನಡುವೆ ಇದ್ದರೆ ಸ್ವಲ್ಪ ಪಾಲು ಪಕ್ಕಕ್ಕೆ ಸರಿದಿದೆ, ಆದರೂ ಒಟ್ಟಾರೆ ಲಾಭ ಉಳಿದಿದೆ. ಮೈನಸ್ 1ಕ್ಕಿಂತ ಕೆಳಗಿದ್ದರೆ ತಡೆದದ್ದಕ್ಕಿಂತ ತಳ್ಳಿದ್ದೇ ಹೆಚ್ಚು. ಕೊಲಂಬಿಯಾದ ಬೊಗೊಟಾದಲ್ಲಿ 1,919 ಬೀದಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಆಸ್ತಿಗೆ ಸಂಬಂಧಿಸಿದ ಅಪರಾಧ ಪಕ್ಕಕ್ಕೆ ಸರಿದಂತೆ ಕಂಡಿತು. ಹಾಗಾಗಿ ಈ ಲೆಕ್ಕವನ್ನು ಬಿಟ್ಟ ವರದಿಯನ್ನು ಒಪ್ಪಬೇಡಿ.

ಜನರಿಗೆ ಏನಾಯಿತು

ಗಸ್ತು ಬೀದಿಗಳಲ್ಲಿ ಎಷ್ಟು ಜನರನ್ನು ತಡೆದು ಶೋಧಿಸಲಾಯಿತು, ಅದರಲ್ಲಿ ಎಷ್ಟು ಸಲ ಏನಾದರೂ ಸಿಕ್ಕಿತು, ಪೊಲೀಸರ ವಿರುದ್ಧ ಎಷ್ಟು ದೂರು ಬಂದವು, ಇವನ್ನೂ ಎರಡೂ ಗುಂಪಿನಲ್ಲಿ ಎಣಿಸಿ. ಅಪರಾಧ ಶೇ. 10 ಇಳಿದು ಶೋಧನೆಗಳು ಮೂರು ಪಟ್ಟಾಗಿದ್ದರೆ ಮುಂದಿನ ವರ್ಷ ಆ ಬೀದಿಯವರು ಫೋನ್ ಮಾಡುವುದನ್ನೇ ಬಿಡಬಹುದು. ಆಗ ಕರೆಗಳ ಸಂಖ್ಯೆ ಇನ್ನೂ ಇಳಿದು ಗೆಲುವಿನಂತೆ ಕಾಣುತ್ತದೆ. ಇದನ್ನು ಹಿಡಿಯಲು ಪರೀಕ್ಷೆಗೆ ಮೊದಲು ಮತ್ತು ಆಮೇಲೆ ಪ್ರತಿ ಬೀದಿಯಲ್ಲಿ ಹತ್ತು ಮನೆ-ಅಂಗಡಿಗಳಲ್ಲಿ ಐದೇ ಪ್ರಶ್ನೆ ಕೇಳಿ, ಅವುಗಳಲ್ಲಿ ಒಂದು ಹೀಗಿರಲಿ: "ಕಳೆದ ಮೂರು ತಿಂಗಳಲ್ಲಿ ನಿಮಗೆ ತೊಂದರೆಯಾಗಿಯೂ ಪೊಲೀಸರಿಗೆ ತಿಳಿಸದೆ ಬಿಟ್ಟದ್ದುಂಟೇ?" ಕೇಳುವವರು ಸಮವಸ್ತ್ರದಲ್ಲಿರಬಾರದು.

ತಂತ್ರಾಂಶಕ್ಕೂ ಕ್ಯಾಮೆರಾಕ್ಕೂ ಇದೇ ತಕ್ಕಡಿ

ಮುಂದಿನ ಅಪರಾಧ ಎಲ್ಲಿ ಎಂದು ಊಹಿಸುವ ತಂತ್ರಾಂಶ ಕೊಳ್ಳುವ ಮೊದಲು ಅದನ್ನು ಕಳೆದ ವರ್ಷದ ಹಾಟ್‌ಸ್ಪಾಟ್ ಪಟ್ಟಿಯ ಎದುರು ನಿಲ್ಲಿಸಿ: ಅರ್ಧ ಬೀದಿಗಳನ್ನು ತಂತ್ರಾಂಶ ಆರಿಸಲಿ, ಅರ್ಧವನ್ನು ಸಾದಾ ಎಣಿಕೆ ಆರಿಸಲಿ. ಅಮೆರಿಕದ ಶ್ರೀವ್‌ಪೋರ್ಟ್‌ನಲ್ಲಿ 2012ರಲ್ಲಿ ಇಂಥ ಮುನ್ಸೂಚನೆ ಪದ್ಧತಿಯನ್ನು ಪರೀಕ್ಷಿಸಿದಾಗ ಹೋಲಿಕೆ ಪ್ರದೇಶಗಳಿಗಿಂತ ಅಪರಾಧ ಗಮನಾರ್ಹವಾಗಿ ಇಳಿದದ್ದು ಕಾಣಲಿಲ್ಲ. ಪೊಲೀಸರೇ ಹುಡುಕಿ ದಾಖಲಿಸುವ ಮಾದಕ ವಸ್ತುವಿನಂಥ ಪ್ರಕರಣಗಳನ್ನು ಈ ತಂತ್ರಾಂಶಗಳಿಗೆ ಎಂದೂ ಉಣಿಸಬೇಡಿ. ಹೋದ ಕಡೆ ಸಿಗುತ್ತದೆ, ಸಿಕ್ಕ ಕಡೆ ಮತ್ತೆ ಕಳಿಸುತ್ತದೆ, ಒಂದೇ ಬಡಾವಣೆಯ ಸುತ್ತ ತಂತ್ರಾಂಶ ಗಿರಕಿ ಹೊಡೆಯುತ್ತದೆ. ಸಂಶೋಧಕರಾದ ಕ್ರಿಸ್ಟಿಯನ್ ಲಮ್ ಮತ್ತು ವಿಲಿಯಮ್ ಐಸಾಕ್ 2016ರಲ್ಲಿ ಓಕ್‌ಲ್ಯಾಂಡಿನ ದಾಖಲೆಗಳಿಂದ ಇದನ್ನು ತೋರಿಸಿದ್ದಾರೆ.

ಮೈಮೇಲಿನ ಕ್ಯಾಮೆರಾ ಪರೀಕ್ಷಿಸುವಾಗ ಚೀಟಿಯನ್ನು ಯಾವುದರ ಮೇಲೆ ಎತ್ತುವುದು ಎಂಬುದೇ ತೊಡಕು. ಅಧಿಕಾರಿಗಳ ಮೇಲೆ ಎತ್ತಿದರೆ ಕ್ಯಾಮೆರಾ ಇದ್ದವರೂ ಇಲ್ಲದವರೂ ಒಂದೇ ಕರೆಗೆ ಹೋಗುತ್ತಾರೆ. ಅಮೆರಿಕದ ರಿಯಾಲ್ಟೊ ನಗರದಲ್ಲಿ ಮಾಡಿದಂತೆ ಪಾಳಿಗಳ ಮೇಲೆ ಎತ್ತಿದರೆ, ನಿನ್ನೆ ಕ್ಯಾಮೆರಾ ಧರಿಸಿ ಕಲಿತ ನಡವಳಿಕೆ ಇಂದಿನ ಕ್ಯಾಮೆರಾ ಇಲ್ಲದ ಪಾಳಿಗೂ ಬರುತ್ತದೆ. ಎರಡೂ ಕಡೆ ವ್ಯತ್ಯಾಸ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ವಾಷಿಂಗ್ಟನ್ ಡಿ.ಸಿ.ಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಅಧಿಕಾರಿಗಳ ಮೇಲೆ ನಡೆದ, 2017ರಲ್ಲಿ ಹೊರಬಂದ ಪರೀಕ್ಷೆಯಲ್ಲಿ ಬಲಪ್ರಯೋಗದಲ್ಲೂ ದೂರುಗಳಲ್ಲೂ ಗುರುತಿಸುವಂಥ ವ್ಯತ್ಯಾಸ ಸಿಗಲಿಲ್ಲ. ಸಾಧ್ಯವಿದ್ದರೆ ಇಡೀ ಠಾಣೆಯನ್ನೇ ಘಟಕ ಮಾಡಿ, ಆಗ ಒಂದೇ ಕರೆಗೆ ಎರಡೂ ಬಗೆಯವರು ಹೋಗುವುದು ತಪ್ಪುತ್ತದೆ. ಆದರೆ ಹತ್ತಾರು ಠಾಣೆಗಳಾದರೂ ಬೇಕಾಗುತ್ತವೆ.

ಮುಗಿದ ಮೇಲೆ

ಗಸ್ತು ನಿಂತ ಮೇಲೂ ಮೂರು ತಿಂಗಳು ಎಣಿಕೆ ನಿಲ್ಲಿಸಬೇಡಿ. ಫಿಲಡೆಲ್ಫಿಯಾದಲ್ಲಿ 60 ಸಣ್ಣ ಪ್ರದೇಶಗಳಲ್ಲಿ ಕಾಲ್ನಡಿಗೆ ಗಸ್ತು ಇದ್ದಷ್ಟು ದಿನ ಹಿಂಸಾತ್ಮಕ ಅಪರಾಧ ಹೋಲಿಕೆಯ 60ಕ್ಕಿಂತ ಶೇ. 23 ಕಡಿಮೆಯಿತ್ತು, ಗಸ್ತು ಹಿಂದೆ ಸರಿದ ಮೇಲೆ ಆ ಲಾಭ ಉಳಿಯಲಿಲ್ಲ. ನಿಮ್ಮಲ್ಲೂ ಹಾಗೆಯೇ ಆದರೆ, ಯಾವ ವಾರದಿಂದ ಏರತೊಡಗಿತು ಎಂಬ ಸಂಖ್ಯೆಯೇ ಮುಂದಿನ ಸಲ ಒಂದು ಬೀದಿಗೆ ಎಷ್ಟು ವಾರಕ್ಕೊಮ್ಮೆ ಗಸ್ತು ಮರಳಿಸಬೇಕು ಎಂದು ಹೇಳುತ್ತದೆ. ಫಲಿತಾಂಶ ಒಳ್ಳೆಯದಾಗಿ ಬಂದಿದ್ದರೆ ಹೊಸ ಪಾಳಿ ಪಟ್ಟಿಯಲ್ಲಿ ಮೊದಲು ಬರಬೇಕಾದವು ಇಷ್ಟು ದಿನ ಹೋಲಿಕೆಯಾಗಿ ಕಾದ ಬೀದಿಗಳು.